ಮೋಟಾರು ಉಳಿಸುವ ಪೆಟ್ಟಿಗೆ

ಕೆಲಗೇರಿಯ ಅರ್ಜುನಪ್ಪ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ ಹೊರಬಿದ್ದದ್ದು ೧೯೬೬ರಲ್ಲಿ. ಅವನ ಓಣಿಯಲ್ಲಿ ಅಷ್ಟು ಓದಿದವರು ಇನ್ನೊಬ್ಬರಿರಲಿಲ್ಲ. ಅಪ್ಪ ಸೋಮಪ್ಪ ದಿನಾ ಬೆಳಗಿನ ಗಾಡಿಗೆ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಗೆ ಸುತ್ತಿಗೆ ಹೊಡೆಯಲು ಹೋಗುತ್ತಿದ್ದ. ಒಂಬತ್ತು ವರ್ಷದ ಹಿಂದೆ ಮನೆಮಂದಿಯೆಲ್ಲ ಬೌದ್ಧರಾಗಿದ್ದರು. ಊರಿನ ಲೆಕ್ಕದಲ್ಲಿ ಅದರಿಂದ ಏನೂ ಬದಲಾಗಿರಲಿಲ್ಲ.

ಆ ವರ್ಷಗಳಲ್ಲಿ ಇಂಜಿನಿಯರುಗಳಿಗೆ ಕೆಲಸವೇ ಇರಲಿಲ್ಲ. ಇಲಾಖೆಗಳು ನೇಮಕಾತಿ ನಿಲ್ಲಿಸಿದ್ದವು. ಎರಡು ವರ್ಷ ಕಾದಮೇಲೆ, ೧೯೬೮ರ ಜನವರಿಯಲ್ಲಿ, ನಿರುದ್ಯೋಗಿ ಇಂಜಿನಿಯರುಗಳಿಗೆ ಮತ್ತು ವಿಜ್ಞಾನ ಪದವೀಧರರಿಗೆ ಸ್ವಂತ ಉದ್ಯಮ ಕಲಿಸುವ ಮೂರು ತಿಂಗಳ ತರಗತಿಯೊಂದು ಹುಬ್ಬಳ್ಳಿಯಲ್ಲಿ ಶುರುವಾಯಿತು. ಅರ್ಜುನಪ್ಪ ಸೇರಿಕೊಂಡ. ಕಲಿಸುವವರು ಏಕನಾಥ ಮಾಸ್ತರರು. ಮುಂಬಯಿಯ ಕಂಪನಿಯೊಂದರಲ್ಲಿ ಯಂತ್ರ ಮಾರಿ ಬಂದವರು, ಧಾರವಾಡದ ಹಳೇ ಮನೆತನದವರು, ಒಳ್ಳೆಯ ಮನುಷ್ಯ.

"ನೀವು ಏನು ಮಾಡಬಲ್ಲಿರಿ ಅನ್ನೋದು ಆಮ್ಯಾಲೆ. ಜನಕ್ಕ ಏನು ಬೇಕಾಗ್ಯದ, ಅದನ್ನ ಮೊದಲ ನೋಡ್ಕೊಂಡು ಬರ್ರಿ" ಎಂದು ಅವರು ಎಲ್ಲರನ್ನೂ ಹೊರಗೆ ಅಟ್ಟಿದರು.

ಅರ್ಜುನಪ್ಪ ಹಳೇ ಹುಬ್ಬಳ್ಳಿಯಲ್ಲಿ ಹುಸೇನಬಾಷಾ ಎಂಬವನ ಅಂಗಡಿಗೆ ಹೋಗಿ ಕೂತ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅದು. ಹಳ್ಳಿಹಳ್ಳಿಗೆ ಆಗಷ್ಟೇ ಕರೆಂಟು ಬಂದು ಬಾವಿಗಳ ಮೇಲೆ ಪಂಪು ಕೂತಿದ್ದ ಕಾಲ. ಹನ್ನೊಂದು ದಿನದಲ್ಲಿ ಬಂದ ನಲವತ್ತೊಂದು ಮೋಟಾರುಗಳನ್ನು ಬಿಚ್ಚಿ ನೋಡಿದ. ಇಪ್ಪತ್ತೊಂಬತ್ತು ಒಂದೇ ಕಾರಣಕ್ಕೆ ಸುಟ್ಟಿದ್ದವು. ಕರೆಂಟಿನ ಮೂರು ತಂತಿಗಳಲ್ಲಿ ಒಂದು ಸತ್ತು ಕರೆಂಟು ಬರದಿದ್ದರೂ ಮೋಟಾರು ತಿಳಿಯದೆ ಎಳೆಯುತ್ತಲೇ ಇರುತ್ತದೆ, ಕಾದು ಸುಡುತ್ತದೆ. ಹಾಗಾದ ಕ್ಷಣವೇ ಮೋಟಾರನ್ನು ನಿಲ್ಲಿಸುವ ಒಂದು ಪೆಟ್ಟಿಗೆಯನ್ನು ಅವನು ಆರು ವಾರಗಳಲ್ಲಿ ಮಾಡಿದ. ಏಕನಾಥರು ಅವನ ವರದಿಯನ್ನು ತರಗತಿಯಲ್ಲಿ ಓದಿ ಹೇಳಿದರು. ಬೇಸಿಗೆಯಲ್ಲಿ ಊರ ಹೊರಗೆ ಅವನಿಗೆ ಸರ್ಕಾರದ ಬಾಡಿಗೆ ಶೆಡ್ಡೊಂದೂ ಸಿಕ್ಕಿತು. ತಾಯಿ ಶೇವಂತೆವ್ವ ಅದರ ನೆಲವನ್ನು ತಾನೇ ಸಾರಿಸಿದಳು.

ಮಾರಲು ಹೊರಟಾಗ ಅವನು ಮೊದಲು ಕಂಡದ್ದು ಮುರುಗೆಪ್ಪ ಎಂಬ ಜಮೀನುದಾರನನ್ನು. ಒಂದೇ ವರ್ಷದಲ್ಲಿ ಎರಡು ಸಲ ಮೋಟಾರು ಸುಟ್ಟುಕೊಂಡವನು. ಎಲ್ಲ ಕೇಳಿಸಿಕೊಂಡ.

"ಪೆಟ್ಟಿಗಿ ಛಲೋ ಐತಿ, ಖರೇ. ಕೂಡಸಾಕ ಯಾರು ಬರ್ತಾರ?"

"ನಾನ ಬರ್ತೇನ್ರಿ."

"ಕೆಲಗೇರ್ಯಾಗ ನಿಮ್ಮ ಮನಿ ಯಾವ ಓಣ್ಯಾಗ?"

ಅರ್ಜುನಪ್ಪ ಹೇಳಿದ. ಮುರುಗೆಪ್ಪ ಸಿಟ್ಟಿಲ್ಲದ ದನಿಯಲ್ಲೇ ಅಂದ: "ಪಂಪು ಬಾವಿ ಕಟ್ಟಿ ಮ್ಯಾಲ ಐತಿ. ಆ ನೀರು ಮನಿಮಂದಿ ಕುಡೀತೀವಿ. ಬ್ಯಾರೆ ಯಾರನ್ನರ ಕಳಸ್ರಿ, ತೊಗೊಂತೇವಿ."

ಹದಿನೇಳು ಊರುಗಳಲ್ಲಿ ಇದೇ ಆಯಿತು. ಕೆಲವರು ಇಷ್ಟು ಮರ್ಯಾದೆಯಿಂದಲೂ ಹೇಳಲಿಲ್ಲ. ಒಂದೂ ಪೆಟ್ಟಿಗೆ ಹೋಗಲಿಲ್ಲವೆಂದು ತಿಳಿದಾಗ ಏಕನಾಥರು ಅವನಿಗೆ ಮಾತಾಡುವ ಧೈರ್ಯ ಸಾಲದು ಎಂದುಕೊಂಡರು. ಗಿರಾಕಿಯ ಮುಂದೆ ಹೇಗೆ ಕೂರಬೇಕು, ಕಣ್ಣು ಎಲ್ಲಿರಬೇಕು ಎಂದು ಎರಡು ದಿನ ಕೂಡಿಸಿ ತಿದ್ದಿದರು. ಅರ್ಜುನಪ್ಪ ಅವರು ಹೇಳಿದಂತೆಲ್ಲ ಕೂತು ತೋರಿಸಿದ. ನಿಜವನ್ನು ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ಹುಸೇನಬಾಷಾ ದಾರಿ ಹೇಳಿದ. "ನನ್ನ ಅಂಗಡಿ ಮೇಸ್ತ್ರಿ ಅಂತ ಹೋಗೋ. ಹೆಸರು ಯಾರೂ ಕೇಳಂಗಿಲ್ಲ."

ಹಾಗೆ ಹೋಗಿ ಮೂರು ಕಡೆ ಪೆಟ್ಟಿಗೆ ಕೂಡಿಸಿ ಬಂದ. ಮೂರೂ ಕೆಲಸ ಮಾಡಿದವು. ಸೋಮಪ್ಪನಿಗೆ ವಿಷಯ ಗೊತ್ತಾಯಿತು.

"ಹೆಸರು ಕೇಳಿದ್ರೇನು?"

"ಇಲ್ಲ."

"ಕೇಳಿದ್ರ ಏನು ಹೇಳಾಂವ?"

ಅಪ್ಪ ಆ ದಿನ ಅವನ ಜೊತೆ ಕೂತು ಊಟ ಮಾಡಲಿಲ್ಲ.

ನಾಲ್ಕನೆಯ ಊರಿನಲ್ಲಿ ಅವನು ಪೆಟ್ಟಿಗೆ ಕೂಡಿಸಿ ಮೋಟಾರು ಚಾಲೂ ಮಾಡಿ ಕೈ ಒರಸಿಕೊಳ್ಳುತ್ತಿದ್ದಾಗ, ರೇಲ್ವೆ ಕಾರ್ಖಾನೆಯಲ್ಲಿ ದುಡಿಯುವ ಒಬ್ಬ ಅತ್ತ ಬಂದ. "ನೀ ಸೋಮಪ್ಪನ ಮಗಾ ಅಲ್ಲೇನು?" ಎಂದ. ಮಂದಿ ಕೂಡಿತು. ಅವನನ್ನು ಬಾವಿಕಟ್ಟೆಯಿಂದ ಇಳಿಸಿ ಬೇಲಿಯ ಆಚೆ ನಿಲ್ಲಿಸಿದರು. ಹೊಲದವನ ತಮ್ಮ, ಇನ್ನೂ ಹುಡುಗ, ಕುಡಗೋಲು ತಂದು ಪೆಟ್ಟಿಗೆಯ ತಂತಿಗೆ ಕೈ ಹಾಕಿದ.

"ಮೊದಲ ಮೇನ್ ಸ್ವಿಚ್ ಬಂದ್ ಮಾಡ್ರಿ. ಕರೆಂಟ ಐತಿ, ಮೇನ್ ತಗೀರಿ" ಎಂದು ಅರ್ಜುನಪ್ಪ ಬೇಲಿಯಾಚೆಯಿಂದ ಮತ್ತೆಮತ್ತೆ ಕೂಗಿದ. ಯಾರೂ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ತಂತಿ ತುಂಡಾಗುವಾಗ ಆ ಹುಡುಗ ಹಿಂದಕ್ಕೆ ಎಸೆಯಲ್ಪಟ್ಟು ಬಿದ್ದ. ಜೀವ ಉಳಿಯಿತು, ಬಲಗೈ ಬೆರಳುಗಳು ಸುಟ್ಟು ಹೋದವು.

ಒಂದು ವಾರದಲ್ಲಿ ಸುತ್ತಲ ಹಳ್ಳಿಗಳಲ್ಲೆಲ್ಲ ಸುದ್ದಿ ಹಬ್ಬಿತು: ಆ ಪೆಟ್ಟಿಗೆ ಮನುಷ್ಯರನ್ನು ಹಿಡಿಯುತ್ತದೆ. ಮೊದಲಿನ ಮೂವರೂ ಪೆಟ್ಟಿಗೆ ಕಿತ್ತು ಹುಸೇನಬಾಷಾನ ಅಂಗಡಿಯ ಮುಂದೆ ಒಗೆದು ಹೋದರು. ಅದರಲ್ಲಿ ಒಬ್ಬನ ಮೋಟಾರು ಹತ್ತೇ ದಿನದಲ್ಲಿ ಸುಟ್ಟು ಅದೇ ಅಂಗಡಿಗೆ ಬಂತು. ಅರ್ಜುನಪ್ಪನೇ ಅದಕ್ಕೆ ತಂತಿ ಸುತ್ತಿದ.

ಶೆಡ್ಡಿನಲ್ಲಿ ಆರು ತಿಂಗಳು ಉತ್ಪಾದನೆ ನಡೆಯಲಿಲ್ಲವೆಂದು ಶರತ್ತಿನ ಪ್ರಕಾರ ಅದನ್ನು ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಕೀಲಿ ಕೊಟ್ಟು ಬಂದವನು ನಾಲ್ಕು ದಿನ ಹಾಸಿಗೆಯಿಂದ ಏಳಲಿಲ್ಲ. ಶೇವಂತೆವ್ವ ಮನೆಯಲ್ಲಿದ್ದ ಹಗ್ಗ, ಕುಡಗೋಲು ಎಲ್ಲವನ್ನೂ ನೆರೆಮನೆಗೆ ಸಾಗಿಸಿ ಬಾಗಿಲಲ್ಲಿ ಕೂತಿರುತ್ತಿದ್ದಳು.

ಏಕನಾಥರಿಗೆ ನಿಜ ಗೊತ್ತಾದದ್ದು ಹುಸೇನಬಾಷಾನ ಬಾಯಿಂದ. ಅಂಗಡಿಗೇ ಹುಡುಕಿಕೊಂಡು ಬಂದರು. ಅರ್ಜುನಪ್ಪ ಒಳಗೆ ತಂತಿ ಸುತ್ತುತ್ತಿದ್ದ.

"ನನಗ್ಯಾಕ ಹೇಳಲಿಲ್ಲ ನೀವು?"

"ಹೇಳಿದ್ರ ನೀವು ಏನು ಕಲಸ್ತಿದ್ರಿ, ಸರ?"

ಅವರು ಪೆಟ್ಟಿಗೆಯೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೆಳಗಿಟ್ಟರು. ಆಮೇಲೆ, ಮುಂದಿನ ತಂಡದ ಎದುರು ಬಂದು ಇದನ್ನೆಲ್ಲ ಹೇಳಬೇಕು ಎಂದು ಕೇಳಿಕೊಂಡರು. ಅರ್ಜುನಪ್ಪ ತಲೆ ಎತ್ತದೆ, "ಆಗೂದಿಲ್ರಿ" ಎಂದ. ಏಕನಾಥರು ಒತ್ತಾಯ ಮಾಡಲಿಲ್ಲ. ಮುಂದಿನ ತರಗತಿಯನ್ನು ಅವರು ತೆಗೆದುಕೊಳ್ಳಲೂ ಇಲ್ಲ.

೧೯೬೯ರ ಮಳೆಗಾಲದಲ್ಲಿ ಮತ್ತೆ ನೇಮಕಾತಿ ಶುರುವಾಗಿ, ಅರ್ಜುನಪ್ಪನಿಗೆ ದೂರದ ರಾಯಚೂರು ಕಡೆ ವಿದ್ಯುತ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು. ಸೋಮಪ್ಪ ಸ್ಟೇಶನ್ನಿನವರೆಗೂ ಟ್ರಂಕು ಹೊತ್ತ.

ಅಲ್ಲಿಯೂ ರೈತರು ಸುಟ್ಟ ಮೋಟಾರಿನ ದೂರು ತರುತ್ತಿದ್ದರು. ಅವನು ಹೋಗಿ ನೋಡಿ, ಒಂದು ತಂತಿ ಸತ್ತು ಮೋಟಾರು ಸುಟ್ಟಿದೆ ಎಂದು ಬರೆದು ಸಹಿ ಹಾಕುತ್ತಿದ್ದ. ಇದಕ್ಕೆ ಏನಾದರೂ ಉಪಾಯ ಇದೆಯೇ ಎಂದು ಅವರು ಕೇಳಿದರೆ, ತನಗೆ ಗೊತ್ತಿಲ್ಲ ಎನ್ನುತ್ತಿದ್ದ.