ಕಳ್ಳಿ ಹಾಲು ಬೆರೆತ ಕುಂಟೆ

ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಕುಂಟೆಯ ಮೀನುಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ದಡದಲ್ಲಿ ಚಿಕ್ಕಪ್ಪ ನಗುತ್ತ ನಿಂತಿದ್ದ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಬೆಂಗಳೂರಿನ ಕಾಲೇಜಿನಿಂದ ಮಿಡಿಗೇಶಿ ಹತ್ತಿರದ ನಮ್ಮೂರಿಗೆ ರಜೆಗೆ ಬಂದಿದ್ದೆ. ಕುರಿ ಸಾಕಿ, ಹೊಲದಲ್ಲೇ ಕುಂಟೆ ತೋಡಿ ಮೀನು ಬಿಡೋಣವೆಂದು ಹಟ ಹಿಡಿದವಳು ಅತ್ತಿಗೆ. ಕೆರೆಯಿಂದ ಮೀನುಮರಿಗಳನ್ನು ಗಡಿಗೆಯಲ್ಲಿ ತರುವಾಗ, ಗಾಡಿ ಕುಲುಕೀತೆಂದು ಗಡಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಆ ದಿನ ಚಿಕ್ಕಪ್ಪನ ಬೀಗರು ಬಂದಿದ್ದರು. ಬಲೆ ಬೀಸುವ ಕಷ್ಟ ಯಾಕೆಂದು ಅವನು ಬೇಲಿಯ ಕಳ್ಳಿ ಕಡಿದು, ಜಜ್ಜಿ, ಗೋಣಿಯಲ್ಲಿ ಕಟ್ಟಿ ನೀರಿಗೆ ಬಿಟ್ಟಿದ್ದ. ಹಳ್ಳದ ಮಡುವಿನಲ್ಲಿ ಹಾಗೆ ಮೀನು ಹಿಡಿಯುವುದು ನಮ್ಮ ಕಡೆಯ ರೂಢಿ. ಅಲ್ಲಿ ಕಳ್ಳಿಯ ವಿಷದ ಹಾಲು ಹರಿವ ನೀರಿನಲ್ಲಿ ಕೊಚ್ಚಿಹೋಗುತ್ತದೆ. ನಿಂತ ನೀರಿನಿಂದ ಎಲ್ಲಿಗೆ ಹೋಗಬೇಕು? ನಮ್ಮ ಕುರಿಗಳು ಕುಡಿಯುವುದೂ ಅದೇ ನೀರು.

"ಏನ್ ಮಾಡ್ಬುಟ್ರಿ ಮಾವ? ಕುರಿ ಬರೋ ಹೊತ್ತು!" ಅತ್ತಿಗೆ ಕೂಗಿದಳು.

"ನಾಕು ಮೀನಿಗೆ ಯಾಕಮ್ಮಿ ಇಂಗೆ ಬಡ್ಕೊಂತೀಯ? ನಿಮ್ಮಪ್ಪನ ಮನೆಯಿಂದ ತಂದಿದ್ದಾ?"

ಬೀಗರು ನಕ್ಕರು. ಅಷ್ಟರಲ್ಲಿ ಮಂದೆ ಬಂದೇಬಿಟ್ಟಿತು. ನಾನೂ ಅಣ್ಣನೂ ಕೋಲು ಹಿಡಿದು ಅಡ್ಡ ನಿಂತೆವು. ಅತ್ತಿಗೆ ನೀರಿಗಿಳಿದು ಗೋಣಿಯನ್ನು ಎತ್ತಿ ದಡಕ್ಕೆಸೆದಳು. ಎಸೆಯುವ ರಭಸಕ್ಕೆ ಗಂಟು ಬಿಚ್ಚಿ ಹಾಲು ಅವಳ ಕಣ್ಣಿಗೆ ಸಿಡಿಯಿತು. ಮುಖ ಮುಚ್ಚಿಕೊಂಡು, ದಡ ಯಾವುದೆಂದು ತಿಳಿಯದೆ, ಆಳದ ಕಡೆಗೇ ಹೆಜ್ಜೆಯಿಟ್ಟಳು. ಆ ಹೆಜ್ಜೆ ನನ್ನ ಕಣ್ಣ ಮುಂದೆ ಈಗಲೂ ಮತ್ತೆ ಮತ್ತೆ ಬರುತ್ತದೆ. ಅಣ್ಣ ಧುಮುಕಿ ರಟ್ಟೆ ಹಿಡಿದು ಎಳೆದ. ನಾನು ಕುರಿಗಳನ್ನು ದೊಡ್ಡಿಗೆ ಅಟ್ಟಿದೆ.

ನಾವು ಗಾಡಿ ಕಟ್ಟಿ ಅವಳನ್ನು ಮಧುಗಿರಿ ಆಸ್ಪತ್ರೆಗೆ ಒಯ್ಯುವಾಗ ಬೀಗರು ಮೀನು ಆರಿಸುತ್ತಿದ್ದರು. ಸಾರನ್ನೂ ಮಾಡಿ ಉಂಡರಂತೆ!

ಡಾಕ್ಟರು ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು; ದೃಷ್ಟಿ ಉಳಿಯುತ್ತದೆಂದು ಮಾತ್ರ ಹೇಳಲಿಲ್ಲ. ಅತ್ತಿಗೆಯ ನರಳಾಟದಲ್ಲಿ ಮನೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ನೋಡಲು ಬಂದ ಹಿರಿಯರು, "ಹೆಣ್ಣೆಂಗ್ಸು ನೀರಿಗೆ ಇಳೀಬಾರ್ದಿತ್ತು" ಎಂದರು. ಚಿಕ್ಕಪ್ಪನನ್ನು ಒಬ್ಬರೂ ಕೇಳಲಿಲ್ಲ. "ವಾಸಿ ಆಯ್ತದೆ ಬುಡ್ಲಾ" ಎಂದು ಅವನು ನನಗೇ ಬುದ್ಧಿ ಹೇಳಿದ.

ಕೊನೆಗೊಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಅತ್ತಿಗೆ ನನ್ನನ್ನು ನೋಡಿದಳು, ಅಣ್ಣನನ್ನು ನೋಡಿದಳು. ಊರಿಗೆ ಬಂದವಳು ನೇರ ಕುಂಟೆಗೆ ಹೋಗಿ ಚಿಕ್ಕಪ್ಪನನ್ನು ಕರೆಸಿದಳು.

"ಮಾವ, ಈ ಕಳ್ಳಿ ಬೇಲಿ ಇನ್ನೂ ಐತಲ್ಲ. ನೀವೇ ಕಡೀರಿ. ಅವತ್ತು ಕಡಿಯಾಕೆ ಬಂದಿತ್ತಲ್ಲ ಕೈ!"

ಚಿಕ್ಕಪ್ಪ ಸುತ್ತ ನೆರೆದವರನ್ನು ನೋಡಿದ. ಯಾರೂ ನಗಲಿಲ್ಲ. ಮಚ್ಚು ತಂದ. ಬುಡದವರೆಗೂ ಕಡಿಸಿದಳು. ಅವನ ಕೈ ಬೊಬ್ಬೆಯೆದ್ದರೂ ನನಗೆ ಕರುಣೆ ಬರಲಿಲ್ಲ. ಆ ಜಾಗಕ್ಕೆ ಅಣ್ಣ ಜಾಲಿಮುಳ್ಳಿನ ಬೇಲಿ ಕಟ್ಟಿದ.

ಅಂದು ರಾತ್ರಿ ಎಲ್ಲರೂ ನಿದ್ದೆಹೋದೆವು. ಮರುದಿನ ಬಿಸಿಲು ಏರಿದ ಮೇಲೆ ದೊಡ್ಡಿಯ ಕುರಿಗಳೇ ಅರಚಿ ನಮ್ಮನ್ನು ಎಬ್ಬಿಸಿದವು.