ಬಾಣಂತಿ ಕೋಣೆಯ ಕಿಟಕಿ ತೆಗೆಸಿದ ಗಂಗರತ್ನಮ್ಮ

ಕೋಲಾರ ಜಿಲ್ಲೆಯ ಹೋಳೂರಿಗೆ ಸಮೀಪದ ಊರು. ಜನವರಿಯ ಮಂಜು ಹಿಪ್ಪುನೇರಳೆ ತೋಟದಿಂದ ಇನ್ನೂ ಎದ್ದಿಲ್ಲ. ಆಶಾ ಕಾರ್ಯಕರ್ತೆ ಗಂಗರತ್ನಮ್ಮ ಗುಲಾಬಿ ಸೀರೆಯ ಮೇಲೆ ಸ್ವೆಟರ್ ತೊಟ್ಟು, ಮಾಸ್ಕ್ ಏರಿಸಿ, ಮಗು ತೂಗುವ ತಕ್ಕಡಿಯ ಚೀಲ ಹೆಗಲಿಗೆ ಹಾಕಿಕೊಂಡು ಬಚ್ಚಮ್ಮನ ಮನೆ ಬಾಗಿಲು ತಟ್ಟುತ್ತಿದ್ದಾರೆ. ಒಳಗಿಂದ ದನಿ ಬರುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ.

“ಮೊದಲು ಕಾಫಿ ಕೊಟ್ಟು ಕೂರಿಸೋರು. ಈ ಮೂರನೇ ಅಲೆ ಶುರುವಾದ ಮೇಲೆ ನಾನು ಬೀದಿಗೆ ಬಂದ್ರೆ ಕೊರೊನಾನೇ ಬಂತು ಅಂತ ಚಿಲಕ ಹಾಕ್ತಾರೆ. ನಾನೂ ಬಿಡಲ್ಲ, ಜಗಲಿ ಮೇಲೆ ಕೂತ್ಬಿಡ್ತೀನಿ” ಎನ್ನುತ್ತಾರೆ ಅವರು. ಹಾಗೇ ಕೂರುತ್ತಾರೆ ಕೂಡ.

ಒಳಗೆ ಐದು ದಿನದ ಹೆಣ್ಣುಮಗುವಿದೆ. ಬಚ್ಚಮ್ಮನ ಮಗಳು ರಂಜಿತ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ದಿನ ತುಂಬುವ ಮೊದಲೇ ಕೆಮ್ಮು, ಜ್ವರ ಹತ್ತಿತು. ಕೋಲಾರದಲ್ಲಿ ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಮಗು ಮೂರು ವಾರ ಮುಂಚೆಯೇ ಹುಟ್ಟಿತು. ಅದಕ್ಕೆ ಸೋಂಕಿಲ್ಲ, ತೂಕ ಮಾತ್ರ ಕಡಿಮೆ. ಮಾಸ್ಕ್ ಹಾಕಿ, ಕೈ ತೊಳೆದು ಎದೆಹಾಲನ್ನೇ ಕೊಡಿ ಎಂದು ಆಸ್ಪತ್ರೆಯವರು ಹೇಳಿಯೇ ಕಳಿಸಿದ್ದರು.

ಮನೆಗೆ ಬಂದ ಮೇಲೆ ಆ ಮಾತು ಯಾರಿಗೆ ಬೇಕು? ರಂಜಿತಳನ್ನು ಹಿಂದಿನ ಕೋಣೆಗೆ ಹಾಕಿ, ಕಿಟಕಿಗೆ ಗೋಣಿಚೀಲ ತುರುಕಿ, ಕೊರೊನಾ ಸಾಯಲಿ ಎಂದು ಸಾಂಬ್ರಾಣಿ ಹೊಗೆ ತುಂಬಿಸಿದ್ದಾರೆ. ಮಗುವನ್ನು ಅಡುಗೆಮನೆಯಲ್ಲಿ ಬಚ್ಚಮ್ಮನೇ ನೋಡಿಕೊಳ್ಳುತ್ತಿದ್ದಾರೆ. ನೀರು ಬೆರೆಸಿದ ಹಸುವಿನ ಹಾಲನ್ನು ಹತ್ತಿಯ ಬತ್ತಿಯಲ್ಲಿ ಬಾಯಿಗೆ ಹಿಂಡುತ್ತಿದ್ದಾರೆ. ಅದು ಒಗ್ಗದೆ ಭೇದಿಯಾಗಿ ಮಗು ಸೊರಗಿದೆ. ನಿನ್ನೆ ಮಗುವನ್ನು ಜಗಲಿಗೆ ತರಿಸಿ ತೂಗಿದಾಗ ತೂಕ ಇನ್ನಷ್ಟು ಇಳಿದಿತ್ತು. ಇವತ್ತು ಎದೆಹಾಲು ಹಿಡಿಯದಿದ್ದರೆ ತಕ್ಷಣ ಕರೆತನ್ನಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದಾರೆ.

ಬಚ್ಚಮ್ಮನನ್ನು ಬೈಯುವುದು ಸುಲಭ. ಆದರೆ ಎರಡನೇ ಅಲೆಯಲ್ಲಿ ಒಡಹುಟ್ಟಿದ ತಂಗಿಯನ್ನು ಕಳಕೊಂಡು, ಕೊನೆಗೆ ಮುಖವನ್ನೂ ನೋಡಲಾಗದೆ ಹೋದ ಹೆಂಗಸು ಅವರು.

“ಹಾಲಲ್ಲಿ ಕಾಯಿಲೆ ಇಲ್ಲ ಅಂತ ನೀನು ಬರ್ಕೊಡ್ತೀಯೇನೇ? ಬಾಣಂತಿಗೆ ಗಾಳಿ ತಗುಲಿ ಸನ್ನಿ ಆದ್ರೆ ಯಾರು ನೋಡ್ತಾರೆ?” ಎಂದು ಬಾಗಿಲ ಸಂದಿಯಿಂದ ಕೇಳುತ್ತಾರೆ.

ಗಂಗರತ್ನಮ್ಮ ಆವನಿಯಲ್ಲಿ ಹುಟ್ಟಿ, ರೇಷ್ಮೆ ಹುಳ ಸಾಕುವ ಸೊಣ್ಣಪ್ಪನನ್ನು ಮದುವೆಯಾಗಿ ಈ ಊರಿಗೆ ಬಂದವರು. ದಿನಕ್ಕೆ ಮೂವತ್ತು ನಲವತ್ತು ಮನೆ ಸುತ್ತಿ, ಮನೆಗೆ ಹೋದ ಮೇಲೆ ಹುಳಕ್ಕೆ ಸೊಪ್ಪು ಹಾಕುವುದೂ ಅವರದೇ ಪಾಲು. ಬಚ್ಚಮ್ಮನ ಮನೆಯಲ್ಲೂ ಹುಳ ಇದೆ. ಇಂದು ಡಾಕ್ಟರ ಮಾತನ್ನು ಪಕ್ಕಕ್ಕಿಟ್ಟು ಅದನ್ನೇ ಹಿಡಿಯುತ್ತಾರೆ.

“ಅಕ್ಕಾ, ನಿನ್ನ ಹುಳದ ಮನೆ ಕಿಟಕಿ ಯಾಕೆ ತೆಗೆದಿದ್ದೀಯ?”

“ಗಾಳಿ ಆಡ್ದಿದ್ರೆ ಹುಳ ಸುಣ್ಣಕಟ್ಟು ರೋಗ ಬಂದು ಸಾಯಲ್ವಾ?”

“ಕೈ ತೊಳೀದೆ ನನ್ನ ಒಳಗೆ ಬಿಡ್ತೀಯಾ?”

“ನಿನ್ನಿರ್ಲಿ, ನನ್ನ ಗಂಡನ್ನೂ ಬಿಡಲ್ಲ.”

“ಸೊಪ್ಪು ಬಿಟ್ಟು ಬೇರೆ ಏನಾದ್ರೂ ಹಾಕ್ತೀಯಾ?”

ಬಾಗಿಲ ಸಂದಿಯಲ್ಲಿ ಬಚ್ಚಮ್ಮ ಒಳಗಿನ ಹಾಲಿನ ಬಟ್ಟಲ ಕಡೆ ತಿರುಗುತ್ತಾರೆ.

“ಹಂಗಾದ್ರೆ ಮೊಮ್ಮಗಳು ಹುಳಕ್ಕಿಂತ ಕಡೆಯಾದ್ಲಾ ಅಕ್ಕಾ?”

ಚಿಲಕ ಸರಿಯುತ್ತದೆ. ಕಿಟಕಿಯ ಗೋಣಿಚೀಲ ಕೆಳಗೆ ಬೀಳುತ್ತದೆ. ಬಚ್ಚಮ್ಮನ ಸಮಾಧಾನಕ್ಕೆ ರಂಜಿತಳ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಮಂಚವನ್ನು ಗಾಳಿ ನೇರ ಬಡಿಯದ ಮೂಲೆಗೆ ಎಳೆಯುತ್ತಾರೆ. ಹಾಲು ಕಟ್ಟಿ ರಂಜಿತಳ ಎದೆ ಕಲ್ಲಾಗಿದೆ. ಮಾಸ್ಕ್ ಹಾಕಿ, ಕೈ ತೊಳೆದು ಎದೆಗಿಟ್ಟುಕೊಂಡರೆ ಮಗು ಒಮ್ಮೆ ಹಿಡಿದು, ಬಿಟ್ಟು, ಅಳುತ್ತದೆ. “ನಾನು ಹೇಳ್ಲಿಲ್ವಾ” ಎಂದು ಬಚ್ಚಮ್ಮ ಶುರುಮಾಡುವಷ್ಟರಲ್ಲಿ ಗಂಗರತ್ನಮ್ಮ ಎರಡು ಹನಿ ಹಾಲು ಹಿಂಡಿಸಿ ಮಗುವಿನ ತುಟಿಗೆ ಸವರಿಸುತ್ತಾರೆ. ಮಗು ನೆಕ್ಕಿ ನೋಡಿ, ಮತ್ತೆ ಬಾಯಿ ಹಾಕುತ್ತದೆ. ಈ ಸಲ ಬಿಡುವುದಿಲ್ಲ. ಬಚ್ಚಮ್ಮ “ನಾ ಬಂಗಾರು ತಲ್ಲೀ”, ನನ್ನ ಚಿನ್ನದಂಥ ತಾಯೀ, ಎಂದು ತೆಲುಗಿನಲ್ಲಿ ಗೊಣಗಿ, ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ.

ವಾರ ಕಳೆದು ಮತ್ತೆ ಹೋದಾಗ ಭೇದಿ ನಿಂತಿದೆ, ತಕ್ಕಡಿಯ ಮುಳ್ಳು ಮೇಲಕ್ಕೇರಿದೆ. ಎದುರುಮನೆಯ ಗರ್ಭಿಣಿ ಚಂದನಳಿಗೆ ಬಚ್ಚಮ್ಮ ಜಗಲಿಯಿಂದಲೇ ಪಾಠ ಹೇಳುತ್ತಿದ್ದಾರೆ: “ಕಿಟಕಿ ಮುಚ್ಚಬೇಡ ಕಣೇ. ನಮ್ಮ ಮನೇಲಿ ನಾನೇ ತೆಗೆಸ್ದೆ, ಅದಕ್ಕೇ ಮಗು ಉಳೀತು.”

ಗಂಗರತ್ನಮ್ಮ ಅಲ್ಲೇ ನಿಂತು ಕೇಳಿಸಿಕೊಂಡು, ಚೀಲ ಹೆಗಲಿಗೇರಿಸುತ್ತಾರೆ. ಬೀದಿಯ ತಿರುವು ದಾಟಿದ ಮೇಲೆ ಅವರಿಗೆ ನಗು ತಡೆಯುವುದಿಲ್ಲ.

“ಅನ್ಲಿ ಬಿಡಿ. ನಾನು ಹೇಳಿದ್ರೆ ಒಂದು ಕಿಟಕಿ ತೆಗೆಸೋಕೆ ಬೆಳಿಗ್ಗೆಯೆಲ್ಲ ಕೂರಬೇಕು. ಬಚ್ಚಮ್ಮಕ್ಕ ಹೇಳಿದ್ರೆ ಇಡೀ ಬೀದಿ ತೆಗೆಯುತ್ತೆ.”