ಹಗ್ಗದಕ್ಕ ಕೈ ಹಿಂದಕ್ಕೆ ಕಟ್ಟಿದರೆ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಹಿತ್ತಲಲ್ಲಿ, ಮಕ್ಕಳ ವಾರ್ಡಿನ ಸೂರಿನ ಮೇಲೆ ಬಾಗಿ ನಿಂತ ಮುದಿಮರಕ್ಕೆ ಹಗ್ಗದಕ್ಕ ಸುತ್ತು ಹಾಕುತ್ತಿದ್ದಾರೆ. ಕೈಯಲ್ಲಿ ಮರದ ಕೊಡತಿ. ಬುಡಕ್ಕೊಂದು ಏಟು, ಮೊಣಕಾಲೆತ್ತರಕ್ಕೊಂದು, ತಲೆಯೆತ್ತರಕ್ಕೊಂದು. ಒಂದೊಂದು ಏಟಿಗೂ ತೊಗಟೆಗೆ ಕಿವಿ ಒತ್ತುತ್ತಾರೆ. ಪಕ್ಕದಲ್ಲಿ ಅವರ ತಮ್ಮ, ಸೊಂಟಕ್ಕೆ ಬೆಲ್ಟು ಬಿಗಿದು, ಗರಗಸ ನೇತುಹಾಕಿಕೊಂಡು ಸಿದ್ಧ. ಹಗ್ಗದ ತುದಿಯನ್ನು ಅಕ್ಕನ ಮುಂದೆ ಚಾಚುತ್ತಾನೆ. ಅಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಯಾಕೆ ಅಂತ ತಮ್ಮ ಕೇಳುವುದಿಲ್ಲ. ಬೆಲ್ಟು ಬಿಚ್ಚುತ್ತಾನೆ.

ಮರ ಹತ್ತುವವನನ್ನು ಜನ ಕತ್ತೆತ್ತಿ ನೋಡುತ್ತಾರೆ. ಅವನು ಜಾರಿದರೆ ತಡೆಯಲೆಂದು ಕೆಳಗೆ ಹಗ್ಗ ಹಿಡಿದು ನಿಂತವರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಹಗ್ಗದಕ್ಕ ಹಾಗೆ ನಿಲ್ಲತೊಡಗಿ ಇಪ್ಪತ್ತೆರಡು ವರ್ಷವಾಯಿತು. ಅಂಗೈ ಚಾಚಿ ತೋರಿಸುತ್ತಾರೆ: "ಕೈ ನೋಡಿ ಭವಿಷ್ಯ ಹೇಳೋರಿಗೆ ಇಲ್ಲಿ ಗಿರಾಕಿ ಇಲ್ಲ. ಗೆರೆ ಎಲ್ಲಾ ಸವೆದುಹೋಗಿದೆ."

ಅಕ್ಕ ಹಗ್ಗ ಮುಟ್ಟದಿದ್ದರೆ ಹತ್ತುವಂತಿಲ್ಲ, ಕಾರಣ ಕೇಳುವಂತೆಯೂ ಇಲ್ಲ. ಈ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಹನ್ನೊಂದು ವರ್ಷದ ಹಿಂದೆ ಹತ್ತುತ್ತಿದ್ದವರು ಅವರ ಗಂಡ. "ಮರ ಯಾಕೋ ಸರಿ ಇಲ್ಲ ಅನ್ನಿಸ್ತು. ಕೆಲಸಕ್ಕೆ ಕರೆದ ಮನೆಯವರು, ಅಕ್ಕಪಕ್ಕದವರು ಎಲ್ಲಾ ನೋಡ್ತಾ ನಿಂತಿದ್ರು. ಯಾಕೆ ಅಂತ ಕೇಳಿದ್ರೆ ಹೇಳೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ನಾಚ್ಕೊಂಡು ಸುಮ್ನಾದೆ." ಹಗ್ಗ ಹಾಯಿಸಿದ್ದ ಕೊಂಬೆಯೇ ಮುರಿಯಿತು. ಗಂಡ ಬದುಕಿದರು, ಆದರೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಈಗ ಮನೆಯಲ್ಲೇ ಕೂತು ಗರಗಸಕ್ಕೆ ಅರ ಹಾಕುತ್ತಾರೆ. ಸಂಜೆ ಹಗ್ಗವನ್ನು ಮೊಳಮೊಳವಾಗಿ ಸವರಿ, ಎಳೆ ಎಲ್ಲಾದರೂ ಸವೆದಿದೆಯೇ ನೋಡುತ್ತಾರೆ. ಆ ಒಂದು ದಿನದ ನಾಚಿಕೆಗೆ ಹಗ್ಗದಕ್ಕ ತಮ್ಮನ್ನು ತಾವು ಇನ್ನೂ ಕ್ಷಮಿಸಿಲ್ಲ.

ಹೋದ ವರ್ಷ ನಾನೂರ ಹತ್ತು ಮರಕ್ಕೆ ಹಗ್ಗ ಹಿಡಿದಿದ್ದಾರೆ, ಹತ್ತೊಂಬತ್ತಕ್ಕೆ ಬೇಡ ಅಂದಿದ್ದಾರೆ. ಆ ಹತ್ತೊಂಬತ್ತರಲ್ಲಿ ಬಿದ್ದದ್ದು ಆರು. "ಇನ್ನು ಹದಿಮೂರು ಕಲ್ಲುಗುಂಡಿನ ಹಾಗೆ ನಿಂತಿವೆ, ನನ್ನ ಮಾನ ಕಳೆಯೋಕೆ," ಎಂದು ನಗುತ್ತಾರೆ. "ನಿಂತಿರ್ಲಿ ಬಿಡಿ. ನನ್ನ ಸುಳ್ಳಿ ಅಂದ್ರೂ ಪರವಾಗಿಲ್ಲ."

ಆಸ್ಪತ್ರೆಯ ಮ್ಯಾನೇಜರಿಗೆ ಮಾತ್ರ ನಗು ಬರುತ್ತಿಲ್ಲ. ಸೋಮವಾರದೊಳಗೆ ಸೂರಿನ ಮೇಲಿನ ಕೊಂಬೆ ಇಳಿಯಬೇಕು ಅನ್ನುತ್ತಾರೆ.

"ಆಳನ್ನ ಬುಟ್ಟೀಲಿ ಮೇಲಕ್ಕೆತ್ತೋ ಗಾಡಿ ತರ್ಸಿ ಸಾರ್, ಮರಕ್ಕೆ ಭಾರ ಹಾಕದೆ ಕೊಯ್ಬಹುದು. ಅಲ್ಲೀವರೆಗೂ ವಾರ್ಡಲ್ಲಿ ಈ ಕಡೆ ಇರೋ ಮಂಚ ಆ ಕಡೆ ಸರಿಸಿ."

"ಕಾರಣ ಏನಮ್ಮ, ಅದನ್ನ ಹೇಳಿ."

"ಸದ್ದು ಸರಿ ಇಲ್ಲ."

"ಸದ್ದು ಅಂತ ನಾನು ಫೈಲಲ್ಲಿ ಬರೆಯೋಕಾಗುತ್ತಾ? ಬೇರೆಯವರು ಎಂಟಕ್ಕೆ ಬರ್ತಾರೆ. ಆಸ್ಪತ್ರೆ ಮರಗಳ ವರ್ಷದ ಕೆಲಸವೂ ಅವರಿಗೇ."

ವರ್ಷದ ಕೆಲಸ ಅಂದರೆ ಎರಡು ಮನೆಯ ಒಲೆ. ತಮ್ಮನು ಅಕ್ಕನ ಮುಖ ನೋಡಿ, ಬಿಚ್ಚಿದ ಬೆಲ್ಟನ್ನು ಸುತ್ತಿಡುತ್ತಾನೆ. ಅಕ್ಕ ಮನೆಗೆ ಹೋಗುವ ಬದಲು ಕೊಂಬೆಯ ನೆರಳಿನಿಂದಾಚೆ ಕಟ್ಟೆಯ ಮೇಲೆ ಕೂರುತ್ತಾರೆ. ತಾನು ಬೇಡ ಅಂದ ಮರಕ್ಕೆ ಇನ್ನೊಬ್ಬ ಹತ್ತಿ ಬಿದ್ದರೆ ಆ ಬೇಡಕ್ಕೆ ಏನು ಬೆಲೆ?

ಎಂಟಕ್ಕೆ ಬಂದವನಿಗೆ ಕಸುಬಿನವರು ಇಟ್ಟ ಹೆಸರು ಅಳಿಲು. ಗಾಳಿಯಲ್ಲೂ ಹತ್ತುವ ಆಸಾಮಿ. ಮರ ನೋಡಿದ, ಇವರನ್ನು ನೋಡಿದ. "ನೀವೇ ಹಗ್ಗ ಹಿಡೀರಿ ಅಕ್ಕ. ನಿಮ್ಮ ಕೈ ಇದ್ರೆ ಕಣ್ಣು ಮುಚ್ಚಿ ಹತ್ತುತೀನಿ."

ಕೆಲಸ ಉಳಿಸಿಕೊಳ್ಳಲು ಅದೊಂದು ದಾರಿಯಾಗಿತ್ತು. ಹಗ್ಗದಕ್ಕ ಒಲ್ಲೆನೆಂದು ತಲೆಯಾಡಿಸಿದರು. "ಹಗ್ಗ ನಿನ್ನ ಹಿಡಿಯುತ್ತೆ ಕಣಪ್ಪ. ಮರಾನ ಯಾರು ಹಿಡೀತಾರೆ?" ಎಂದು ಕೊಡತಿಯನ್ನು ಅವನ ಕೈಗಿಟ್ಟರು. ಅವನು ಬಡಿದ, ಕಿವಿಗೊಟ್ಟ. ಮತ್ತೊಂದು ಕಡೆ ಬಡಿದ. ಮೂರನೆಯ ಏಟು ಹಾಕಲಿಲ್ಲ. ಕೊಡತಿ ವಾಪಸು ಕೊಟ್ಟು, ತನ್ನ ಹಗ್ಗ ಸುತ್ತಿಕೊಳ್ಳತೊಡಗಿದ.

ಮಧ್ಯಾಹ್ನದ ಹೊತ್ತಿಗೆ ವಾರ್ಡಿನಲ್ಲಿ ಮಂಚ ಎಳೆಯುವ ಸದ್ದು ಕೇಳುತ್ತಿದೆ. ಬುಟ್ಟಿಗಾಡಿ ನಾಳಿದ್ದು ಬರುತ್ತದಂತೆ. ವರ್ಷದ ಕೆಲಸದ ಮಾತನ್ನು ಮ್ಯಾನೇಜರು ಎತ್ತುವುದಿಲ್ಲ, ಇವರೂ ಕೇಳುವುದಿಲ್ಲ.

ಮನೆಯಲ್ಲಿ ಗಂಡ ಕೂತಲ್ಲಿಂದಲೇ ಹಗ್ಗಕ್ಕೆ ಕೈ ಚಾಚುತ್ತಾರೆ. ಸವರಿದ ಬೆರಳಿಗೆ ತೊಗಟೆಯ ಪುಡಿ ತಾಗುವುದಿಲ್ಲ, ಮರದ ಅಂಟೂ ಇಲ್ಲ.

"ಇವತ್ತು ಎಷ್ಟು ಮರ?"

"ಒಂದೂ ಇಲ್ಲ."

ಗಂಡ ಬಾಗಿಲ ಕಡೆ ನೋಡುತ್ತಾರೆ. "ನಿನ್ನ ತಮ್ಮ ಎಲ್ಲಿ?"

"ಹಿಂದೆ ಬರ್ತಿದಾನೆ," ಎನ್ನುತ್ತಾರೆ ಹಗ್ಗದಕ್ಕ. "ನಡ್ಕೊಂಡು."